ಸಂಪಾದಕೀಯದ ಬುಟ್ಟಿ

ವೃತ್ತಪತ್ರಿಕೆಗಳಿಂದ ಲೋಕಕ್ಕೆ ಏನುಪಯೋಗವೆಂದು ಆಕ್ಷೇಪಿಸುವ ಮಹನೀಯರು ನಮ್ಮ ಅತ್ತೆಯವರ ಕಾಗದದ ಬುಟ್ಟಿಯನ್ನು ಕಂಡವರಲ್ಲ. ನೀರಿನಲ್ಲಿ ನೆನೆದು ಪಕ್ಷಭೇದಗಳನ್ನೆಲ್ಲ ಮರೆತ ಹಳೆಯ ಪತ್ರಿಕೆಗಳನ್ನು, ನೆನೆಸಿದ ಮೆಂತ್ಯದೊಡನೆ ಒರಳಿನಲ್ಲಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ತಪ್ಪಲೆಯ ಮೇಲೆ ಮೆತ್ತಿ ಬಿಸಿಲಿಗಿಟ್ಟರೆ, ಸಂಪಾದಕೀಯವೂ ಸಿನಿಮಾ ಜಾಹೀರಾತೂ ಏಕೀಭವಿಸಿ, ಸೇರು ಅಕ್ಕಿಯನ್ನು ಹೊರಬಲ್ಲ ಪಾತ್ರೆಯಾಗಿ ಅವತರಿಸುತ್ತವೆ. ಮೆಂತ್ಯದ ಲೋಳೆಯೇ ಅಂಟು. ಅದರ ಕಹಿಗೆ ಹುಳು ಹತ್ತಿರ ಸುಳಿಯದು. (ಸಂಪಾದಕೀಯದ ಕಹಿಯೂ ಇದಕ್ಕೆ ಸಹಾಯಕವೆಂಬುದು ನನ್ನ ಸ್ವಂತ ಸಿದ್ಧಾಂತ.)

ವಿಕ್ರಯವೇ ಕಠಿಣ. “ರದ್ದಿ ಕಾಗದಕ್ಕೆ ಇಷ್ಟೊಂದು ಬೆಲೆಯೇನಮ್ಮಾ?” ಎಂದು ಸಂತೆಯಲ್ಲಿ ಗಿರಾಕಿಯೊಬ್ಬನು ಕೇಳಲು, “ಕಾಗದ ಪುಕ್ಕಟೆ ಸ್ವಾಮಿ, ದುಡ್ಡು ರಟ್ಟೆಯದು” ಎಂದರು ಅತ್ತೆ. ಆತನಾದರೋ ಅಷ್ಟರಲ್ಲಿ ಚೌಕಾಸಿಯನ್ನೇ ಮರೆತು, ಬುಟ್ಟಿಯ ತಳದಲ್ಲಿ ಅರೆಯದೆ ಉಳಿದಿದ್ದ ‘ವಧು ಬೇಕಾಗಿದ್ದಾಳೆ’ ಎಂಬ ತುಣುಕಿನಲ್ಲಿ ತಲ್ಲೀನನಾಗಿದ್ದನು.