ಕೊಡೆ ಹಿಡಿದ ದೊಡ್ಡಪ್ಪ

ಮೋಡ ಕವಿದ ಕೂಡಲೇ ಬೋಂಡಾ ಕರಿಯುವವರು ಒಂದು ಕಡೆ. ಮನೆಯ ಚಿಕ್ಕ ಮಕ್ಕಳಿಗೆ ಇತಿಹಾಸ ತೋರಿಸಲು ಹೊರಡುವ ಹಿರಿಯರು ಇನ್ನೊಂದು ಕಡೆ. ಕುಟುಂಬಕ್ಕೊಬ್ಬರಂತೆ ಇಂಥವರನ್ನು ಹಂಚಲಾಗಿದೆ. ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕ, ನನ್ನ ನಾಲ್ಕು ವರ್ಷದ ಮಗಳ ದೊಡ್ಡಪ್ಪ.

"ಲಾಲ್‌ಬಾಗನ್ನ ಮಳೇಲೇ ನೋಡಬೇಕು. ಜನ ಇರಲ್ಲ," ಅಂದರು. ನಿಜ, ಬುದ್ಧಿ ಇದ್ದವರು ಯಾರೂ ಇರಲಿಲ್ಲ.

ಈ ಹಿರಿಯರು ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಾರೆ. ಚುರುಮುರಿ ಕೊಡಿಸುವುದಿಲ್ಲ. ಮಗು ಅಳಿಲು ತೋರಿಸಿದರೆ ಇವರು ಅಳಿಲು ಕೂತ ಮರದ ಲ್ಯಾಟಿನ್ ಹೆಸರು ಹೇಳುತ್ತಾರೆ. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಕೊಡೆ.

ಮೂವರಿಗೆ ಇದ್ದದ್ದು ಅದೊಂದೇ. ಹಳೇ ಕಾಲದ ಉದ್ದನೆಯ ಕರಿ ಕೊಡೆ. ನನ್ನ ಕೈಗೆ ಕೊಡಲಿಲ್ಲ. ಅವರ ಲೆಕ್ಕದಲ್ಲಿ ಕೊಡೆ ಇರುವುದು ಮಳೆಗಲ್ಲ, ತೋರಿಸುವುದಕ್ಕೆ. "1760ರಲ್ಲಿ ಹೈದರ್ ಅಲಿ ಈ ತೋಟ ಶುರು ಮಾಡಿದ, ನೋಡು ಪುಟ್ಟೀ" ಎಂದರೆ ಕೊಡೆ ಬಲಕ್ಕೆ ಹೋಯಿತು. "ಮುಂದುವರಿಸಿದವನು ಮಗ ಟಿಪ್ಪು" ಎಂದರೆ ಎಡಕ್ಕೆ. ಹೈದರನ ಕಾಲಕ್ಕೆ ನನ್ನ ಒಂದು ಭುಜ ನೆನೆಯಿತು, ಟಿಪ್ಪುವಿನ ಕಾಲಕ್ಕೆ ಇನ್ನೊಂದು. ಗಾಜಿನ ಮನೆಯ ಮುಂದೆ ನಿಂತು, 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಬಂದು ಅಡಿಗಲ್ಲಿಟ್ಟದ್ದನ್ನೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿಯಾದದ್ದನ್ನೂ ವಿವರಿಸುತ್ತ ಕೊಡೆಯನ್ನು ಮಡಚಿಯೇಬಿಟ್ಟರು. ಅದರ ಮೊನೆಯಿಂದ ಕಬ್ಬಿಣದ ಕಮಾನುಗಳನ್ನು ಒಂದೊಂದಾಗಿ ತೋರಿಸಬೇಕಿತ್ತಲ್ಲ!

"ಭಾವ, ಮಗು ನೆನೀತಿದೆ," ಅಂದೆ. ನೆನೆದು ತೊಪ್ಪೆಯಾಗಿದ್ದವನು ನಾನು. ಮಗು ರೈನ್‌ಕೋಟಿನೊಳಗೆ ಬೆಚ್ಚಗಿತ್ತು. ಮಕ್ಕಳನ್ನು ಹೆರುವುದು ಇಂಥ ಸಂದರ್ಭಗಳಿಗೂ ಉಪಯೋಗಕ್ಕೆ ಬರುತ್ತದೆ.

"ನೆನೀಲಿ ಬಿಡಿ, ಕೃಂಬಿಗಲ್ ಜರ್ಮನಿಯವರು, ಇಲ್ಲಿನ ಮಳೆಗೆ ಹೆದರಿದ್ರಾ?" ಎಂದು ಅವರು ಕೃಂಬಿಗಲ್ ಇಲ್ಲಿಗೆ ಬಂದ 1908ಕ್ಕೆ ಹೊರಟರು. ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ ಮಹಾನುಭಾವ ಆತ. ನನಗೂ ಗೌರವವಿದೆ. ಆದರೆ ಒದ್ದೆ ಸಾಕ್ಸಿನಲ್ಲಿ ಗೌರವ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬಂಡೆ ಹತ್ತಿದೆವು. ಸುಮಾರು ಮುನ್ನೂರು ಕೋಟಿ ವರ್ಷದ ಬಂಡೆ, ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಭಾಷಣಕ್ಕೆ ಇದಕ್ಕಿಂತ ಪ್ರಶಸ್ತ ಜಾಗ ಬೇಕೆ? ಆದರೆ ಮಗಳು ಬಂಡೆಯ ಕುಳಿಯೊಂದರಲ್ಲಿ ನಿಂತಿದ್ದ ನೀರಿಗೆ ಎಲೆ ಬಿಟ್ಟು, "ದೊಡ್ಡಪ್ಪಾ, ದೋಣಿ ಹೋಗ್ತಿಲ್ಲ," ಅಂದಳು. ಗೋಪುರದ ಕಡೆ ಎದ್ದಿದ್ದ ಕೊಡೆ ಕೆಳಗಿಳಿಯಿತು. ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತು, ಕೊಡೆಯ ಮೊನೆಯಿಂದ ಎಲೆಯನ್ನು ಹಗೂರಕ್ಕೆ ತಳ್ಳಿದರು. ಆಚೆ ದಡದಿಂದ ಅವಳು ತಳ್ಳಿದಳು. ಕೆಂಪೇಗೌಡರು ಕಾದರು, ನಾನೂ ಕಾದೆ.

ಬ್ಯಾಂಕಿನವರು ಭಾವನನ್ನು ವರ್ಗದ ಮೇಲೆ ಊರಿಂದೂರಿಗೆ ಓಡಿಸುತ್ತಿದ್ದ ವರ್ಷಗಳಲ್ಲೇ ಅವರ ಮಗ ಬೆಳೆದುಬಿಟ್ಟ. ಆ ಹುಡುಗ ಲಾಲ್‌ಬಾಗ್ ನೋಡಿದ್ದು ಸ್ಕೂಲಿನ ಟೂರಿನಲ್ಲಂತೆ. ಹೇಳಿದ್ದು ಅತ್ತಿಗೆ, ಭಾವನ ಬಾಯಿಂದ ಈ ವಿಷಯ ಯಾವತ್ತೂ ಬಂದಿಲ್ಲ. ಹೈದರ್ ಅಲಿಯ ವಿಷಯ ಮಾತ್ರ ಬರುತ್ತದೆ.

ಮೃದುವಾಗುತ್ತಿದ್ದ ನನ್ನನ್ನು ಅವರೇ ಕಾಪಾಡಿದರು. ಆಮೇಲೆ ಹೋದ ಎಂಟಿಆರ್ ಹೋಟೆಲಿನಲ್ಲಿ ಬಿಸಿ ರವೆ ಇಡ್ಲಿ ಬಂದು ಕೂತಿತ್ತು, ಹಸಿವಿಗೆ ಕಣ್ಣು ಕತ್ತಲಿಡುತ್ತಿತ್ತು, ಆಗ ಶುರು: "ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂತು ನೋಡು ಪುಟ್ಟೀ, ಆಗ ಇಲ್ಲಿಯವರು ರವೆಯಲ್ಲಿ..." ಕೈಯಲ್ಲಿ ಕೊಡೆ ಇರಲಿಲ್ಲ, ಚಮಚ ಇತ್ತು. ಅದು ಬರ್ಮಾದ ಕಡೆ ತಿರುಗಿದಾಗ ಪುಟ್ಟಿ ಕೈ ಚಾಚಿ ಅವರ ಇಡ್ಲಿಯ ಮೇಲಿದ್ದ ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡಳು. ಯುದ್ಧ ಮುಗಿಸಿ ಬಂದವರು ತಟ್ಟೆ ನೋಡಿದರು, ಅವಳನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು:

"ಇವಳು ಚೆನ್ನಾಗಿ ಕೇಳಿಸ್ಕೋತಾಳೆ ಕಣ್ರೀ."