ಮೊಳೆ ಎಷ್ಟುದ್ದ?

ನಮ್ಮ ಭಾನುವಾರದ ಸೈಕಲ್ ತಂಡದಲ್ಲಿ ಹನ್ನೊಂದು ಜನ. ಲಡಾಖ್‌ಗೆ ಹೊರಡಲು ತಯಾರಿ ನಡೆಸಿದವರು ಒಂಬತ್ತು, ಹೋಗಿ ಬಂದವರು ಸೊನ್ನೆ. ಬೆಳಗಿನ ಐದಕ್ಕೆ ನಂದಿಬೆಟ್ಟಕ್ಕೆಂದು ಹೊರಡುತ್ತೇವೆ. ದೇವನಹಳ್ಳಿಗೂ ಮುಂಚೆ ಇಡ್ಲಿ-ವಡೆ ಎದುರಾಗುತ್ತದೆ, ಯಾತ್ರೆ ಅಲ್ಲಿಗೆ ಸಂಪನ್ನ. ಎರಡನೇ ಕಾಫಿಯ ಹೊತ್ತಿಗೆ ಮಾತು ಟೈರಿಗೆ ಬಂದೇ ಬರುತ್ತದೆ, ಆಗ ನೋಡಬೇಕು ನಮ್ಮನ್ನು. ಹೋಟೆಲಿನ ಸ್ಟೀಲ್ ಟೇಬಲ್ಲೇ ಖಾರ್ದುಂಗ್ ಲಾ.

ಪಂಕ್ಚರ್ ಆಗದ ಟೈರು ಯಾವುದು ಎಂಬ ಒಂದೇ ಪ್ರಶ್ನೆಗೆ ನಮ್ಮಲ್ಲಿ ನಾಲ್ಕು ಮಠಗಳಾಗಿವೆ.

ಮೊದಲನೆಯವರು ದ್ವೈತಿಗಳು. ಟೈರು ಬೇರೆ, ಟ್ಯೂಬು ಬೇರೆ, ಇವೆರಡರ ನಡುವಿನ ಭೇದ ನಿತ್ಯ ಮತ್ತು ಸತ್ಯ. ಆ ಭೇದದಲ್ಲಿ ದಪ್ಪನೆಯ ಪಟ್ಟಿಯೊಂದನ್ನು ಇಟ್ಟುಬಿಟ್ಟರೆ ಮೋಕ್ಷ. ಇವರ ಮೂಲಗ್ರಂಥ ಜರ್ಮನಿಯ ಶ್ವಾಲ್ಬೆ ಕಂಪನಿಯ ಮಾರಥಾನ್ ಪ್ಲಸ್. ಮೇಲಿನ ರಬ್ಬರಿನ ಕೆಳಗೆ ಐದು ಮಿಲಿಮೀಟರ್ ದಪ್ಪದ ನೀಲಿ ಪದರ, ಡ್ರಾಯಿಂಗ್ ಪಿನ್ನು ಚುಚ್ಚಿದರೆ ಅದರ ತುದಿ ಟ್ಯೂಬು ಮುಟ್ಟುವುದಿಲ್ಲ. ಶ್ವಾಲ್ಬೆ ಅಂದರೆ ಜರ್ಮನ್ ಭಾಷೆಯಲ್ಲಿ ಅಂಬರಗುಬ್ಬಿ. ರೇಸಿನವರ ಟೈರು ಕಾಲು ಕಿಲೋ ಕೂಡ ತೂಗುವುದಿಲ್ಲ, ಇದು ಒಂದೊಂದೂ ಮುಕ್ಕಾಲು ಕಿಲೋ ದಾಟಿ ಒಂಬೈನೂರು ಗ್ರಾಂ ಹತ್ತಿರ. ಹೆಸರು ಅಂಬರಗುಬ್ಬಿ, ತೂಕ ನಾಟಿಕೋಳಿ. ಇದೇ ಮಠದಲ್ಲಿ ಕಾಂಟಿನೆಂಟಲ್‌ನ ಗೇಟರ್‌ಸ್ಕಿನ್ ಹಾಕಿಸಿಕೊಂಡವರದು ಒಂದು ಉಪಶಾಖೆ. ಮೊಸಳೆಚರ್ಮ ಧರಿಸಿದವರು ಅಂಬರಗುಬ್ಬಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಆದರೆ ಮನಸ್ಸು ಬಿಚ್ಚುವುದಿಲ್ಲ.

ಎರಡನೆಯವರು ಅದ್ವೈತಿಗಳು. ಇವರಿಗೆ ಟ್ಯೂಬೇ ಮಿಥ್ಯೆ. ಟೈರೊಂದೇ ಸತ್ಯ, ಒಳಗೆ ಹಾಲಿನಂಥ ಸೀಲೆಂಟ್ ಸುರಿದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಆ ಹಾಲು ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ, ಮತ್ತೆ ಸುರಿಯಬೇಕು ಎಂಬುದನ್ನು ದೀಕ್ಷೆ ಕೊಡುವಾಗ ಹೇಳುವುದಿಲ್ಲ. ಮೂರನೆಯವರು ವಿಶಿಷ್ಟಾದ್ವೈತಿಗಳು: ಟ್ಯೂಬೂ ಇರಲಿ, ಅದರೊಳಗೆ ಸೀಲೆಂಟೂ ಇರಲಿ. ನಾಲ್ಕನೆಯವರು ಶೂನ್ಯವಾದಿಗಳು. ಗಾಳಿಯೇ ಬೇಡ, ಇಡೀ ಟೈರೇ ಗಟ್ಟಿ. ಈ ಮಠದಲ್ಲಿ ಒಬ್ಬರೇ ಇದ್ದಾರೆ. ಅವರು ಮಾತಾಡಿದರೆ ರಸ್ತೆಯ ಪ್ರತಿ ಕಲ್ಲೂ ನಮ್ಮ ಕಿವಿಗೆ ಬೀಳುತ್ತದೆ.

ಶೂನ್ಯವಾದವೇನೂ ಹೊಸದಲ್ಲ. 1888ರವರೆಗೆ ಸೈಕಲ್ ಲೋಕವೆಲ್ಲ ಆ ಮಠದ್ದೇ. ಗಟ್ಟಿ ರಬ್ಬರಿನ ಚಕ್ರಗಳು, ಪಂಕ್ಚರ್ ಎಂಬ ಮಾತೇ ಇಲ್ಲ, ಬೆನ್ನುಮೂಳೆ ಮಾತ್ರ ದಿನವೂ ಲೆಕ್ಕ ಕೊಡುತ್ತಿತ್ತು. ಬೆಲ್‌ಫಾಸ್ಟ್‌ನ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ, ಆ ವರ್ಷ ಅದಕ್ಕೆ ಪೇಟೆಂಟ್ ಪಡೆದ. ಇನ್ನೊಬ್ಬ ಸ್ಕಾಟಿಷ್ ಮನುಷ್ಯ, ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲೇ ಅದನ್ನು ಬರೆದಿಟ್ಟಿದ್ದನೆಂದು ಗೊತ್ತಾಗಿ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು, ಆ ಮಾತು ಬೇರೆ. ಮನುಷ್ಯಜಾತಿ ಪಂಕ್ಚರ್ ಆಗದ ಟೈರನ್ನು ಒಮ್ಮೆ ಕೈಯಾರೆ ಎಸೆದು, ನೂರಮೂವತ್ತು ವರ್ಷಗಳಿಂದ ಅದನ್ನೇ ಹುಡುಕುತ್ತಿದೆ.

ಗಾಳಿ ಬಂದ ಮೇಲೆ ಮೊಳೆ ಬರಲು ಎಷ್ಟು ಹೊತ್ತು? ನಮ್ಮ ಹೊರ ವರ್ತುಲ ರಸ್ತೆಯಲ್ಲಿ ಯಾರೋ ಮೊಳೆ ಚೆಲ್ಲುತ್ತಾರೆ, ಮುಂದೆ ಇನ್ಯಾರೋ ಪಂಚರ್ ಹಾಕುತ್ತಾರೆ ಎಂದು ಪತ್ರಿಕೆಗಳು ಬರೆದಾಗ, ಇಂಥ ಬುದ್ಧಿ ನಮ್ಮವರಿಗೆ ಮಾತ್ರ ಎಂದು ಕೈ ಹಿಸುಕಿಕೊಂಡೆವು. ಫ್ರಾನ್ಸ್‌ನ ಮಿಶೆಲಿನ್ ಸಹೋದರರು ಕಳಚಿ ಹಾಕಬಹುದಾದ ಟೈರು ಮಾಡಿದ ಹೊಸತು. 1892ರಲ್ಲಿ ಪ್ಯಾರಿಸ್‌ನಿಂದ ಕ್ಲೆರ್ಮೋಂ ಫೆರಾಂಗೆ ಸೈಕಲ್ ರೇಸ್ ಇಟ್ಟು, ತಮ್ಮ ಟೈರನ್ನು ಎಷ್ಟು ಸಲೀಸಾಗಿ ರಿಪೇರಿ ಮಾಡಬಹುದೆಂದು ತೋರಿಸಲು ದಾರಿಗೆ ತಾವೇ ಮೊಳೆ ಚೆಲ್ಲಿಸಿದರು. ನಮ್ಮವರು ಮಾಡಿದರೆ ದಂಧೆ, ಅವರು ಮಾಡಿದರೆ ಪ್ರಾತ್ಯಕ್ಷಿಕೆ.

ಇರಲಿ. ನಮ್ಮ ತಂಡದ ಭಯ ಮೊಳೆಯದ್ದೂ ಅಲ್ಲ. ಕಳೆದ ಮಳೆಗಾಲದಿಂದ ಒಬ್ಬರು ಅಮೆರಿಕದ ವಿಡಿಯೋ ನೋಡಿ 'ಗೋಟ್‌ಹೆಡ್' ಎಂಬ ಮುಳ್ಳಿನ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ. ಅಲ್ಲಿನ ಪಶ್ಚಿಮದ ರಾಜ್ಯಗಳಲ್ಲಿ ಸೈಕಲಿಗರ ಪರಮ ವೈರಿಯಂತೆ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದಂತೆ. ಫೋಟೋ ತೋರಿಸಿದರು. ನೆಗ್ಗಿಲು! ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚಿಸಿಕೊಂಡು, ಅಜ್ಜಿ ಮಾಡಿದ ಅದೇ ನೆಗ್ಗಿಲ ಕಷಾಯ ಕುಡಿದು ಬೆಳೆದ ಮನುಷ್ಯ, ಈಗ ಗೋಟ್‌ಹೆಡ್‌ಗೆ ಹೆದರಿ ಟೈರು ಬದಲಿಸುತ್ತಾನೆ. ಈ ಗಿಡ ನಮ್ಮ ಕಡೆಯ ಹಳೆಯ ಲೋಕದ್ದು, ಅಮೆರಿಕಕ್ಕೆ ಹೋಗಿ ನೆಲೆಸಿದ್ದು. ಹೊರಗೆ ಹೋಗಿ ಹೆಸರು ಬದಲಿಸಿಕೊಂಡು ಬಂದರೇನೇ ನಮ್ಮಲ್ಲಿ ಮರ್ಯಾದೆ.

ನಿಜ ಹೇಳಬೇಕೆಂದರೆ ಊರಿನ ದೊಡ್ಡ ರಸ್ತೆಗಳಲ್ಲಿ ಟ್ಯೂಬು ಕೊಲ್ಲುವುದು ಬಹಳ ಸಲ ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಂತಿ, ಲಾರಿ-ಕಾರುಗಳ ಟೈರು ಸವೆದು ಸಿಡಿದಾಗ ಉದುರಿದ್ದು. ಅಂದರೆ ನಮ್ಮ ಟೈರಿಗೆ ಶತ್ರು ಇನ್ನೊಂದು ಟೈರು. ಇದನ್ನು ಕಾಫಿ ಟೇಬಲ್ಲಿಗೆ ಹಾಕಿದೆ, ಯಾರೂ ಎತ್ತಿಕೊಳ್ಳಲಿಲ್ಲ. ತಂತಿಯಲ್ಲಿ ಶೌರ್ಯ ಎಲ್ಲಿದೆ?

ನಾನೂ ಕೊಂಡೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಮಠದ ವಿಷಯ. ಒಂದಕ್ಕೆ ನಾಲ್ಕು ಸಾವಿರದ ಮೇಲೆ. ನನ್ನ ದಿನದ ಪ್ರಯಾಣ ಜಯನಗರದಿಂದ ಕೋರಮಂಗಲದ ಆಫೀಸಿಗೆ, ಆರು ಕಿಲೋಮೀಟರ್. ಟೈರಿನ ಡಬ್ಬಿಯ ಮೇಲೆ ಮರುಭೂಮಿಯ ಚಿತ್ರವಿತ್ತು. ಹೆಂಡತಿ ಬಿಲ್ಲು ನೋಡಿ, "ರೀ, ಈ ದುಡ್ಡಲ್ಲಿ ನಮ್ಮಪ್ಪ ಸೈಕಲ್ಲೂ ತಗೊಂಡು, ನನ್ನ ಸ್ಕೂಲ್ ಫೀಸೂ ಕಟ್ಟಿದ್ರು" ಅಂದಳು. ಅಳಿಯನಾದವನು ಇಂಥ ಕಡೆ ಹಣದುಬ್ಬರದ ಬಗ್ಗೆ ಮಾತಾಡಬಾರದು, ಸುಮ್ಮನಾದೆ.

ಸಂಕ್ರಾಂತಿ ಕಳೆದು ಒಂದು ವಾರ. ಡೈರಿ ಸರ್ಕಲ್ ದಾಟಿ, ಯಾರೋ ಪೈಪಿಗೆಂದು ಅಗೆದು ಮಣ್ಣೆಳೆದು ಬಿಟ್ಟುಹೋದ ಹಳ್ಳದ ಅಂಚಿಗೆ ಹಿಂದಿನ ಚಕ್ರ ಧಡ್ ಎಂದು ಬಡಿಯಿತು. ಹತ್ತು ಮಾರು ಹೋಗುವಷ್ಟರಲ್ಲಿ ರಿಮ್ಮು ನೆಲ ಮುಟ್ಟಿತು.

ಪರವಾಗಿಲ್ಲ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಲಿವರ್ ಮೂರಿದ್ದವು. ಗಟ್ಟಿ ಟೈರಿನ ಒಂದು ಗುಣ ಆಗ ತಿಳಿಯಿತು. ಮೊಳೆಯನ್ನು ಒಳಗೆ ಬಿಡದ ಹಾಗೇ ಒಡೆಯನ ಬೆರಳನ್ನೂ ಬಿಡುವುದಿಲ್ಲ. ಮೊದಲ ಲಿವರ್ ಮುರಿಯಿತು. ಎರಡನೆಯದು ಹಾರಿ ಚರಂಡಿಗೆ ಬಿತ್ತು. ಮೂರನೆಯದನ್ನು ಗೌರವದಿಂದ ಒಳಗಿಟ್ಟು, ಸೈಕಲ್ ತಳ್ಳಿಕೊಂಡು ಹೊಂಗೆಮರದ ಕೆಳಗಿನ ಪಂಚರ್ ಅಂಗಡಿಗೆ ಬಂದೆ.

ಆತ ಕುಕ್ಕರುಗಾಲಲ್ಲಿ ಕೂತು ವಾಲ್ವ್ ನೋಡಿದ. "ಇದರ ಮೂತಿ ಹಿಂಗ್ಯಾಕೆ ಸಾರ್?"

"ಪ್ರೆಸ್ಟಾ ಅಂತ. ಫ್ರೆಂಚ್ ವಾಲ್ವ್."

"ಗಾಳಿನೂ ಅಲ್ಲಿಂದಾನೇ ತರಿಸ್ಬೇಕಾ?"

ಕಬ್ಬಿಣದ ಎರಡು ಪಟ್ಟಿ ತೂರಿಸಿ, ಮಂಡಿ ಊರಿ ಒಂದು ಸಲ ಹಲ್ಲುಕಚ್ಚಿದ. ಟೈರು ಕಳಚಿತು. ಒಳಗೆಲ್ಲ ಬೆರಳಾಡಿಸಿದ. ಮುಳ್ಳಿಲ್ಲ, ಮೊಳೆಯಿಲ್ಲ, ತಂತಿಯೂ ಇಲ್ಲ. ಬ್ಯಾಗಿನಲ್ಲಿದ್ದ ನನ್ನ ಪುಟ್ಟ ಪಂಪಿನಿಂದ ಟ್ಯೂಬು ಉಬ್ಬಿಸಿ, ಅರ್ಧಕ್ಕೆ ಕತ್ತರಿಸಿದ ಪೇಂಟ್ ಡಬ್ಬಿಯ ಮಸಿನೀರಿನಲ್ಲಿ ಮುಳುಗಿಸಿ ಸುತ್ತ ತಿರುಗಿಸುತ್ತಾ ಬಂದ. ಒಂದು ಕಡೆ ಗುಳ್ಳೆಗಳ ಎರಡು ಸಾಲು, ಅಕ್ಕಪಕ್ಕ, ಹಾವು ಕಚ್ಚಿದ ಗುರುತಿನ ಹಾಗೆ.

"ಏನೂ ಚುಚ್ಚಿಲ್ಲ ಸಾರ್. ರಿಮ್ಮು ಕಚ್ಚಿದೆ. ಗಾಳಿ ಕಮ್ಮಿಯಿದ್ರೆ ಹಿಂಗೇ. ಯಾವಾಗ ಹೊಡೆಸಿದ್ರಿ ಗಾಳಿ?"

ಯೋಚಿಸಿದೆ. ಆಯುಧಪೂಜೆಗೆ. ಟ್ಯೂಬು ತೂತಾಗದಿದ್ದರೂ ಗಾಳಿ ತಾನಾಗಿ ದಿನವೂ ಸ್ವಲ್ಪ ಸ್ವಲ್ಪ ಸೋರುತ್ತದೆ, ಎಷ್ಟು ಗಾಳಿ ಇರಬೇಕೆಂದು ಟೈರಿನ ಪಕ್ಕೆಯಲ್ಲೇ ಅಚ್ಚಾಗಿರುತ್ತದೆ. ನಾಲ್ಕು ಮಠಗಳ ಸಾಹಿತ್ಯ ಓದಿದವನು ಆ ಒಂದು ಸಾಲು ಓದಿರಲಿಲ್ಲ.

ಆತ ಉಪ್ಪುಕಾಗದ ಉಜ್ಜಿದ, ಸೊಲ್ಯೂಷನ್ ಸವರಿ ಬಾಯಿಂದ ಊದಿದ, ಎರಡು ತೂತಿಗೂ ಸೇರಿ ಒಂದೇ ಪ್ಯಾಚು ಒತ್ತಿ, ಸುತ್ತಿಗೆಯ ಹಿಂಬದಿಯಿಂದ ಕುಟ್ಟಿದ. ಐವತ್ತು ರೂಪಾಯಿ. ಮರಕ್ಕೆ ಒರಗಿಸಿದ್ದ ಅವನದೇ ಸೈಕಲ್ ನೋಡಿದೆ. ಹಳೆಯ ದೊಡ್ಡ ಸೈಕಲ್ಲು, ರಾಡ್ ಬ್ರೇಕು, ಲುಧಿಯಾನದ ರಾಲ್ಸನ್ ಟೈರು, ಗೆರೆ ಅಳಿಸಿ ನುಣ್ಣಗಾಗಿತ್ತು. ಅದರ ಮೇಲೂ 28 ಇಂಚು ಎಂದಿತ್ತು, ನನ್ನದರ ಮೇಲೂ 28. ಆದರೆ ಅದು ಕೂರುವ ರಿಮ್ಮು 635 ಮಿಲಿಮೀಟರ್, ನನ್ನದು 622. ನಡುವೆ ಹದಿಮೂರು ಮಿಲಿಮೀಟರ್, ಒಬ್ಬರ ಟೈರು ಇನ್ನೊಬ್ಬರ ಕೆಲಸಕ್ಕೆ ಬರುವುದಿಲ್ಲ.

"ಇದು ಪಂಚರ್ ಆಗಲ್ವಾ?" ಕೇಳಿದೆ.

"ಆಗುತ್ತೆ. ಹಾಕ್ಕೋತೀನಿ."

ಮಧ್ಯಾಹ್ನ ಗುಂಪಿನಲ್ಲಿ ಬರೆಯಬೇಕಾಯಿತು, ಬೆಳಿಗ್ಗೆ ಸೈಕಲ್ ತಳ್ಳುವಾಗ ಒಬ್ಬರು ಬಸ್ಸಿನಿಂದ ನೋಡಿ ಫೋಟೋ ಹಾಕಿಬಿಟ್ಟಿದ್ದರು. ನಾಲ್ಕು ಸಾವಿರದ ಟೈರು, ಗಾಳಿಯಿಲ್ಲದೆ ಸತ್ತಿತು ಎಂದು ಬರೆಯಲು ಕೈ ಬರಲಿಲ್ಲ. "ಮೊಳೆ" ಎಂದು ಬರೆದೆ.

ಎಷ್ಟುದ್ದ ಎಂದರು. ಎರಡಿಂಚು ಎಂದೆ. ಎರಡಿಂಚು ಆ ಪಟ್ಟಿ ದಾಟುವುದಿಲ್ಲ ಎಂದು ದ್ವೈತಿಗಳು ತಗಾದೆ ತೆಗೆದರು. ಮೂರು ಎಂದೆ. ಸಂಜೆಯ ಹೊತ್ತಿಗೆ ಅದು ನಾಲ್ಕಾಗಿ, ತುಕ್ಕು ಹಿಡಿದು, ಲಾರಿಯಿಂದ ಬಿದ್ದದ್ದಾಗಿತ್ತು. ಇಬ್ಬರು ಇನ್ನೂ ದಪ್ಪದ ಟೈರಿಗೆ ಆರ್ಡರ್ ಮಾಡಿದರು. ಅದ್ವೈತಿಗಳು ಮುಗುಳ್ನಗುವ ಚಿತ್ರ ಹಾಕಿದರು. ಭಾನುವಾರ ಆ ಮೊಳೆಯನ್ನು ತರತಕ್ಕದ್ದು, ಎಲ್ಲರೂ ನೋಡಬೇಕು ಎಂದು ತೀರ್ಮಾನವಾಯಿತು.

ಶನಿವಾರ ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಾಲ್ಕಿಂಚಿನ ಮೊಳೆ ಒಂದು ಕೊಡಿ ಎಂದೆ. ಒಂದೆಲ್ಲ ಕೊಡಲ್ಲ, ಕಾಲು ಕಿಲೋ ತಗೊಳ್ಳಿ ಎಂದ. ತಗೊಂಡೆ. ಒಂದನ್ನು ಕಲ್ಲಿನ ಮೇಲೆ ಬಡಿದು ಬಗ್ಗಿಸಿ, ರಾತ್ರಿಯೆಲ್ಲ ಉಪ್ಪುನೀರಿನಲ್ಲಿ ನೆನೆಸಿಟ್ಟೆ. ಉಳಿದವನ್ನು ಹೆಂಡತಿಯ ಕಣ್ಣಿಗೆ ಬೀಳದಂತೆ ಸೈಕಲ್ ಬ್ಯಾಗಿಗೆ ಸುರಿದು, ಬೆಳಿಗ್ಗೆ ಐದಕ್ಕೆ ಎಲ್ಲರಿಗಿಂತ ಮುಂದೆ ಹೊರಟೆ. ಬ್ಯಾಗಿನ ಮೂಲೆಯ ಹೊಲಿಗೆ ಬಿಚ್ಚಿದ್ದು ಕಂಡದ್ದು ಇಡ್ಲಿಯ ಹೊತ್ತಿಗೆ. ಅಷ್ಟರಲ್ಲಿ ಬ್ಯಾಗಿನಲ್ಲಿ ಎರಡೇ ಎರಡು ಮೊಳೆ ಉಳಿದಿದ್ದವು, ಹಿಂದೆ ಬರಬೇಕಾದ ಹತ್ತು ಜನರಲ್ಲಿ ಒಬ್ಬರೂ ಇನ್ನೂ ಬಂದಿರಲಿಲ್ಲ.