ಜಿಮ್ಮಿಗೆ ಬಾರದ ಮಹಾದಾನಿಗಳು

ಕರ್ಣ ಕವಚ ಕೊಟ್ಟ, ಶಿಬಿ ತೊಡೆಯ ಮಾಂಸ ಕೊಟ್ಟ, ಬಲಿ ತಲೆಯನ್ನೇ ಒಡ್ಡಿದ. ಆದರೆ ಮೂವರಿಗೂ ತಾವು ಕೊಡುತ್ತಿದ್ದೇವೆ ಎಂಬುದು ಗೊತ್ತಿತ್ತು. ಕೊಡುತ್ತಿರುವುದೇ ಗೊತ್ತಾಗದ ಹಾಗೆ ಕೊಡುವ ದಾನಿಗಳನ್ನು ನೋಡಬೇಕಾದರೆ ಜನವರಿ ಮೊದಲ ವಾರ ಬೆಂಗಳೂರಿನ ಯಾವುದಾದರೂ ಬಡಾವಣೆಯ ಜಿಮ್ಮಿನ ಕೌಂಟರಿನ ಪಕ್ಕ ನಿಂತುಕೊಳ್ಳಬೇಕು. ಹೊಸ ಟಿ-ಶರ್ಟು, ಹೊಸ ಶೂ, ಹೊಸ ಸಂಕಲ್ಪ. ಕೌಂಟರಿನ ಹುಡುಗ “ಸರ್, ಆಫರ್‌ಗೆ ಇವತ್ತೇ ಲಾಸ್ಟ್ ಡೇಟು” ಅನ್ನುತ್ತಾನೆ. ನಿನ್ನೆಯೂ ಹಾಗೇ ಅಂದಿದ್ದ, ನಾಳೆಯೂ ಅನ್ನುತ್ತಾನೆ. ಇವರು ಫೋನು ತೆಗೆದು ಕ್ಯೂಆರ್ ಕೋಡಿನ ಮುಂದೆ ಹಿಡಿಯುತ್ತಾರೆ. ವರ್ಷದ ದುಡ್ಡು ಒಂದೇ ಸಲ ಹೋಯಿತು. ಸಂಕ್ರಾಂತಿಯ ಎಳ್ಳು-ಬೆಲ್ಲ ಬೀರುವ ಹೊತ್ತಿಗೆ ಅವರೂ ಹೋದರು.

ನಮ್ಮ ಷಡ್ಡಕರು ಈ ಪರಂಪರೆಯಲ್ಲಿ ಹಿರಿಯರು. ಈ ಸಲ ರಸೀದಿ ಹಿಡಿದುಕೊಂಡು ಗೆದ್ದವರ ನಗೆ ನಗುತ್ತಾ ಬಂದರು.

“ಎಷ್ಟಾಯ್ತು ಭಾವ?”

“ಹನ್ನೆರಡು ಸಾವಿರ ಕಣಯ್ಯಾ. ಅಸಲು ರೇಟು ಹದಿನೆಂಟು. ನೋಡು, ಕೂತಲ್ಲೇ ಆರು ಸಾವಿರ ಉಳಿಸಿದೆ.”

ಅಡುಗೆಮನೆಯಿಂದ ಅತ್ತಿಗೆಯ ದನಿ: “ಆ ಉಳಿಸಿದ ಆರು ಸಾವಿರ ಈಚೆ ಕೊಡಿ, ಗ್ಯಾಸಿನವನು ಬರ್ತಾನೆ.”

ಭಾವ ಅದಕ್ಕೆ ಉತ್ತರ ಕೊಡಲಿಲ್ಲ. ಶೂ ಡಬ್ಬಿ ಬಿಚ್ಚಿದರು. ಆಮೇಲೆ ಎದೆಬಡಿತ ಎಣಿಸುವ ವಾಚು, ಕುಲುಕುವ ಬಾಟಲಿ, ಬೆರಳು ತೂರಿಸುವ ಕೈಗವುಸು ಒಂದೊಂದಾಗಿ ಹೊರಬಂದವು. ವ್ಯಾಯಾಮಕ್ಕೆ ಬೇಕಾದದ್ದೆಲ್ಲ ಇತ್ತು, ವ್ಯಾಯಾಮ ಒಂದನ್ನು ಬಿಟ್ಟು.

ಈ ದಾನದ ಲೆಕ್ಕ ಸುಲಭ. ಹನ್ನೆರಡು ಸಾವಿರ ಕೊಟ್ಟವನು ವರ್ಷದಲ್ಲಿ ಇನ್ನೂರು ದಿನ ಹೋದರೆ ಒಂದು ದಿನಕ್ಕೆ 60 ರೂಪಾಯಿ ಬಿತ್ತು. ಹತ್ತೇ ದಿನ ಹೋಗಿ ಸೊಂಟ ಹಿಡಿದುಕೊಂಡವನಿಗೆ ದಿನಕ್ಕೆ 1,200 ರೂಪಾಯಿ. ಯಂತ್ರ ಅದೇ, ಕನ್ನಡಿ ಅದೇ, ಕಿವಿ ಕಿತ್ತುಹೋಗುವ ಹಾಡೂ ಅದೇ. ಜಿಮ್ಮು ದುಬಾರಿಯೋ ಅಗ್ಗವೋ ಎಂದು ಕೌಂಟರಿನಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಬೆಲೆ ತೀರ್ಮಾನವಾಗುವುದು ಬೆಳಿಗ್ಗೆ ಐದೂಮುಕ್ಕಾಲಿಗೆ, ಹೊದಿಕೆಯ ಒಳಗೆ.

ಇದು ನಮ್ಮವರ ಸೋಮಾರಿತನ ಎಂದು ಯಾರೂ ತಲೆತಗ್ಗಿಸಬೇಕಾಗಿಲ್ಲ. ಅಮೆರಿಕದವರೂ ಇದೇ ಜಾತಿ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನ ಮೂರು ಜಿಮ್ಮುಗಳ ಏಳು ಸಾವಿರಕ್ಕೂ ಮಿಕ್ಕ ಸದಸ್ಯರ ಹಾಜರಿ ತೆಗೆದು ನೋಡಿ, 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದುಡ್ಡು ಕೊಟ್ಟು ಜಿಮ್ಮಿಗೆ ಹೋಗದೆ ಇರುವುದು ಎಂಬ ಅರ್ಥದ ತಲೆಬರಹ. ಅರ್ಥಶಾಸ್ತ್ರಜ್ಞರಿಗೂ ಕುಚೋದ್ಯ ಬರುತ್ತದೆ. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುವ ಕರಾರಿಗೆ ಸೇರಿದವರು ಸರಾಸರಿ ತಿಂಗಳಿಗೆ ನಾಲ್ಕು ಸಲ ಚಿಲ್ಲರೆ ಹೋಗುತ್ತಿದ್ದರು. ಒಂದೊಂದು ಭೇಟಿಗೆ 17 ಡಾಲರ್ ದಾಟುತ್ತಿತ್ತು. ಅದೇ ಜಿಮ್ಮಿನಲ್ಲಿ ಹತ್ತು ಭೇಟಿಯ ಚೀಟಿ ಕೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು. ಇನ್ನೂ ಚೆಂದದ ಸಂಗತಿ ಎಂದರೆ, ಕೊನೆಯ ಸಲ ಹೋಗಿಬಂದ ಮೇಲೂ ಸದಸ್ಯತ್ವ ರದ್ದು ಮಾಡಲು ಅವರಿಗೆ ಸರಾಸರಿ ಎರಡು ತಿಂಗಳ ಮೇಲೆ ಹಿಡಿಯುತ್ತಿತ್ತು. ಅಷ್ಟು ದಿನವೂ ‘ಸೋಮವಾರದಿಂದ’ ಅಂದುಕೊಳ್ಳುತ್ತಿದ್ದರೇನೋ. ಸೋಮವಾರ ಅಲ್ಲಿಯೂ ವಾರಕ್ಕೊಂದೇ ಬರುತ್ತದೆ.

ಜಿಮ್ಮಿನವರಿಗೆ ಇದೆಲ್ಲ ಬಾಯಿಪಾಠ. ನಾಲ್ಕು ಟ್ರೆಡ್‌ಮಿಲ್ ಇಟ್ಟು ನಾನ್ನೂರು ಜನರನ್ನು ಸೇರಿಸಿಕೊಳ್ಳುವ ಧೈರ್ಯ ಮತ್ತೆ ಎಲ್ಲಿಂದ ಬರಬೇಕು? ನಾನ್ನೂರು ಜನವೂ ಒಂದು ದಿನ ಒಟ್ಟಿಗೆ ಬಂದುಬಿಟ್ಟರೆ ಮಾಲೀಕ ಹಿಂಬಾಗಿಲಲ್ಲಿ ಓಡಬೇಕಾಗುತ್ತದೆ. ಅವತ್ತು ಅವನಿಗೂ ಒಳ್ಳೇ ಕಸರತ್ತು. ಬಾರದವರ ದುಡ್ಡಿನಲ್ಲಿ ಬಾಡಿಗೆ, ಕರೆಂಟು, ಟ್ರೈನರಿನ ಸಂಬಳ ಎಲ್ಲ ನಡೆಯುತ್ತದೆ. ಬರುವವರು ಅಗ್ಗದಲ್ಲಿ ಗಟ್ಟಿಯಾಗುತ್ತಾರೆ. ನಾನು ಆ ಬರುವವರ ಪೈಕಿ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಭಾವನವರ ಜಿಮ್ಮೇ, ತಿಂಗಳಿಗಿಷ್ಟು ಅಂತ ಕಟ್ಟುತ್ತೇನೆ. ಅವರ ಹನ್ನೆರಡು ಸಾವಿರದಲ್ಲಿ ನನ್ನ ತೋಳಿಗೂ ಒಂದು ಪಾಲಿದೆ.

ಟ್ರೆಡ್‌ಮಿಲ್ ಅಂದೆ. ಅದರ ಕುಲಗೋತ್ರ ಕೇಳಿದರೆ ನೀವು ಬೆಚ್ಚಿಬೀಳುತ್ತೀರಿ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಕೈದಿಗಳಿಗೆಂದು ಮಾಡಿಕೊಟ್ಟ ಮೆಟ್ಟಿಲು ಚಕ್ರ ಅದರ ಮುತ್ತಜ್ಜ. ತುಳಿದಷ್ಟೂ ಮೆಟ್ಟಿಲು ಕೆಳಗಿಳಿಯುತ್ತದೆ, ಮನುಷ್ಯ ಇದ್ದಲ್ಲೇ ಇರುತ್ತಾನೆ. ಸಾಹಿತಿ ಆಸ್ಕರ್ ವೈಲ್ಡ್‌ನನ್ನೂ ಜೈಲಿನಲ್ಲಿ ಅದರ ಮೇಲೆ ಹತ್ತಿಸಿದ್ದರು. ತೀರಾ ಕ್ರೂರ ಎಂದು ಬ್ರಿಟಿಷರೇ ಅದನ್ನು ಕೊನೆಗೆ ಕೈಬಿಟ್ಟರು. ನಾವೀಗ ಮುಂಗಡ ದುಡ್ಡು ಕೊಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು, ಸರದಿಯಲ್ಲಿ ನಿಂತು ಆ ಶಿಕ್ಷೆ ಅನುಭವಿಸುತ್ತೇವೆ. ಬಸ್ಕಿಯ ಕಥೆಯೂ ಅಷ್ಟೇ. ಮಗ್ಗಿ ಬಾರದಿದ್ದಾಗ ಮೇಷ್ಟ್ರು ಬಿಟ್ಟಿಯಾಗಿ ಹೊಡೆಸುತ್ತಿದ್ದ ಬಸ್ಕಿಯನ್ನು ‘ಸ್ಕ್ವಾಟ್’ ಎಂದು ಕಲಿಸಲು ಪರ್ಸನಲ್ ಟ್ರೈನರು ಬೇರೆ ಫೀಸು ಕೇಳುತ್ತಾನೆ. ಮೇಷ್ಟ್ರಾದರೋ ಎಣಿಕೆಯಲ್ಲಿ ಒಂದು ತಪ್ಪಿದರೂ ಮೊದಲಿಂದ ಶುರುಮಾಡಿಸುತ್ತಿದ್ದರು. ಅಷ್ಟು ನಿಷ್ಠೆಯ ಟ್ರೈನರು ಇವತ್ತು ಯಾವ ದುಡ್ಡಿಗೂ ಸಿಗುವುದಿಲ್ಲ.

ಮೈಸೂರಿನ ಹಳೇ ಮೊಹಲ್ಲಾಗಳ ಗರಡಿಮನೆಯಲ್ಲಿ ಈ ಆಫರು, ಪ್ಯಾಕೇಜು ಇದ್ದವೇ? ಕೆಮ್ಮಣ್ಣಿನ ಅಖಾಡ, ಒಂದು ಗದೆ, ಒಂದು ಜೊತೆ ಕರ್ಲಾ, ಗೋಡೆಯ ಮೇಲೆ ಹನುಮಂತನ ಪಟ. ಸಾಮು ಮಾಡಲು ಮೈ ಇದ್ದರೆ ಸಾಕಿತ್ತು. ಎರಡು ದಿನ ತಪ್ಪಿಸಿಕೊಂಡರೆ ಉಸ್ತಾದರು ಬೀದಿಯಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳುತ್ತಿದ್ದರು. ಆ ಮಾನದ ಹೆದರಿಕೆಯನ್ನು ಯಾವ ಆ್ಯಪಿನ ನೋಟಿಫಿಕೇಶನ್ನೂ ಹುಟ್ಟಿಸಲಾರದು. ಅದನ್ನು ಬೆರಳಲ್ಲಿ ತಳ್ಳಿದರೆ ಹೋಯಿತು, ಉಸ್ತಾದರನ್ನು ತಳ್ಳುವುದಕ್ಕಾಗುತ್ತದೆಯೇ? ಅದೇ ಗದೆ, ಅದೇ ಕರ್ಲಾ ಈಗ ಪರದೇಶದಲ್ಲಿ ಉಕ್ಕಿನ ಮೈ, ಇಂಗ್ಲಿಷ್ ಹೆಸರು ಹೊತ್ತು ಮಾರಾಟವಾಗುತ್ತಿವೆ. ಒಂದು ದಿನ ನಮ್ಮ ಭಾವ ಅದನ್ನೂ ಆನ್‌ಲೈನಿನಲ್ಲಿ ತರಿಸುತ್ತಾರೆ, ಬಾಗಿಲಿಗೆ ಆನಿಸಲು.

ಪ್ರೋಟೀನ್ ಪುಡಿಯ ವಿಚಾರಕ್ಕೆ ಬಂದರೆ ಅತ್ತಿಗೆ ನನ್ನ ಪಕ್ಷ. ಭಾವ ತಂದ ಡಬ್ಬ ನೋಡಿದರೆ ಮಗುವಿನ ತೊಟ್ಟಿಲಿನಷ್ಟಿದೆ. ಒಂದು ಚಮಚಕ್ಕೆ ಹೆಚ್ಚುಕಮ್ಮಿ 24 ಗ್ರಾಂ ಪ್ರೋಟೀನು ಎಂದು ಅದರ ಮೇಲೆ ಬರೆದಿದೆ, ಒಪ್ಪೋಣ. ಐಸಿಎಂಆರ್ ಪ್ರಕಾರ ನಮ್ಮಂಥವರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಸಾಕು. 60 ಕಿಲೋದವರಿಗೆ ಸುಮಾರು 50 ಗ್ರಾಂ. ಭಾರ ಎತ್ತಿ ಬೆವರುವವರಿಗೆ ಇನ್ನಷ್ಟು ಬೇಕು ನಿಜ. ಆದರೆ ಎತ್ತಬೇಕಲ್ಲ! ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಹತ್ತಿರ ಇದೆ, ಕಡಲೇಕಾಯಿ ಬೀಜದಲ್ಲಿ 25 ಗ್ರಾಂ, ಒಂದು ಮೊಟ್ಟೆಯಲ್ಲಿ ಆರು. “ಹುರುಳಿ ಬಸ್ಸಾರು ಮಾಡಿದರೆ ಕುದುರೆ ತಿಂಡಿ ಅಂತ ಮೂತಿ ತಿರುಗಿಸ್ತಾರೆ, ಚಾಕೊಲೇಟ್ ವಾಸನೆ ಪುಡಿಗೆ ಐದು ಸಾವಿರ ಸುರೀತಾರೆ” ಅನ್ನುವುದು ಅತ್ತಿಗೆಯ ದೂರು. ಕುದುರೆ ಆ ತಿಂಡಿ ತಿಂದು ಓಡುತ್ತದೆ ಎಂಬುದನ್ನು ಭಾವ ಗಮನಿಸಿದಂತಿಲ್ಲ. ಬರೀ ಕಟ್ಟು ಕುಡಿದರೆ ಸಾಲದು, ಬೆಂದ ಕಾಳನ್ನೂ ಪಲ್ಯ ಮಾಡಿ ತಿನ್ನಬೇಕು.

ಇನ್ನು ಆ ವಾಚು. ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ರಾತ್ರಿ ಹತ್ತೂವರೆಗೆ ಭಾವ ಹಾಲಿನಲ್ಲಿ ಸೋಫಾ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಆ ಸಂಖ್ಯೆ ಹರಡಿದ್ದು ಯಾವ ವೈದ್ಯಕೀಯ ಸಂಶೋಧನೆಯಿಂದಲೂ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ ‘ಮಾನ್ಪೊ-ಕೆಯ್’, ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥದ್ದು, ಎರಡು ದಿನ ಸ್ನಾಯುಗಳಿಗೆ ಕೆಲಸ. ಅಷ್ಟನ್ನು ಪೂರೈಸಲು ಬೆಂಗಳೂರಿನವರಿಗೆ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಇವೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ದೊಡ್ಡದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಕಟ್ಟಿಸಿದ್ದು, ಇವತ್ತಿಗೂ ಸದಸ್ಯತ್ವ ಶುಲ್ಕವಿಲ್ಲ. ಬೇಕಾದಷ್ಟು ಬಡಾವಣೆಗಳ ಪಾರ್ಕಿನಲ್ಲಿ ಹಳದಿ-ನೀಲಿ ಬಳಿದ ಕಸರತ್ತಿನ ಯಂತ್ರಗಳಿವೆ, ಮಕ್ಕಳು ಜೋಕಾಲಿಯಾಡಿ ಬಿಟ್ಟ ಮೇಲೆ ನಮಗೂ ಸಿಗುತ್ತವೆ.

ಆದರೂ ಜಿಮ್ಮೇ ಬೇಕು ಅನ್ನುವವರು ಒಂದು ತಿಂಗಳಿಗಷ್ಟೇ ಕಟ್ಟಿ. “ವರ್ಷದ್ದು ತಗೊಂಡ್ರೆ ಸೇವಿಂಗ್ ಸರ್” ಅನ್ನುವ ಹುಡುಗನಿಗೆ, ಮೊದಲ ತಿಂಗಳ ಹಾಜರಿ ನೋಡಿ ಆಮೇಲೆ ಮಾತಾಡೋಣ ಎನ್ನಿ. ರಸೀದಿಯನ್ನೂ ಒಮ್ಮೆ ತಿರುಗಿಸಿ ನೋಡಿ: 2025ರ ಸೆಪ್ಟೆಂಬರ್ 22ರಿಂದ ಜಿಮ್ಮಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಹನ್ನೆರಡು ಸಾವಿರದ ಮೇಲೆ ಅದು 2,160 ರೂಪಾಯಿ ಇದ್ದದ್ದು 600 ಆಗಬೇಕು. ಹಳೇ ಲೆಕ್ಕ ಹಾಕಿದ್ದರೆ ಜಗಳ ಆಡಿ. ಅದಕ್ಕೂ ಸ್ವಲ್ಪ ಕ್ಯಾಲೊರಿ ಕರಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡ ಭಾವ, “ನಾಳೆಯಿಂದ ನಾನೂ ನಿನ್ನ ಜೊತೆ ಆರೂವರೆಗೆ ಬರ್ತೀನಿ ಕಣಯ್ಯಾ” ಎಂದರು. ನನಗೆ ಎದೆ ಝಲ್ಲೆಂದಿತು. ಇದನ್ನು ಓದಿ ನೀವೂ ಹೊರಟುಬಿಟ್ಟರೆ ನನ್ನ ಗತಿ ಏನು? ಆದ್ದರಿಂದ ಈಗಾಗಲೇ ವರ್ಷದ ದುಡ್ಡು ಕಟ್ಟಿರುವ ಪುಣ್ಯಾತ್ಮರಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇನೆ: ಅಷ್ಟು ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದೀರಿ, ಮಧ್ಯದಲ್ಲಿ ವಾಪಸು ಕೇಳಬೇಡಿ. ಬರಲೇಬೇಕೆಂದು ಹಟವಿದ್ದರೆ ಎಂಟರ ಮೇಲೆ ಬನ್ನಿ. ಆರೂವರೆಗೆ ಕಿಟಕಿ ಪಕ್ಕದ ಟ್ರೆಡ್‌ಮಿಲ್ ನನಗೆ ಬೇಕು.